ನಿಲ್ಲಿಸದೆ ಬಿಟ್ಟ ಒಂದನೇ ನಂಬರ್ ಪಂಪು

ಪೈಪ್ ರೆಂಚ್ ಹಾಕಿ ಇಬ್ಬರು ಜೋತುಬಿದ್ದರೂ ಎರಡನೇ ನಂಬರಿನ ಶಾಫ್ಟು ಕದಲಲಿಲ್ಲ. ನಮ್ಮ ಹಿರಿಯ ಫಿಟ್ಟರ್ ಕೊಂಕಣದವನು, ಮಾತು ಕಡಿಮೆ, ತೋಳಿನ ಬಲ ಹೆಚ್ಚು. ಅವನು ರೆಂಚ್ ತೆಗೆದು ನೆಲಕ್ಕಿಟ್ಟು, "ಅಣ್ಣಾ, ಜಾಮ್ ಹೈ. ಪೂರಾ ಜಾಮ್," ಎಂದ. ಮೂರನೇ ನಂಬರಿಗೆ ಹೋದೆವು. ಅದೂ ಅಷ್ಟೇ, ಹೂಂ ಇಲ್ಲ ಹಾಂ ಇಲ್ಲ. ಪಕ್ಕದಲ್ಲಿ ಒಂದನೇ ನಂಬರ್ ಮಾತ್ರ ತನ್ನ ಪಾಡಿಗೆ ತಾನು ಗುಂಯ್‌ಗುಟ್ಟುತ್ತ ನೀರೆತ್ತುತ್ತಿತ್ತು. ಮೂರನ್ನೂ ಮಳೆಗಾಲಕ್ಕೆ ಮುಂಚೆ ನಾವೇ ಬಿಚ್ಚಿ, ತೊಳೆದು, ಹೊಸ ಬೇರಿಂಗ್ ಹಾಕಿ ಕೊಟ್ಟಿದ್ದೆವು. ಒಂದೇ ಕೈ, ಒಂದೇ ಸಾಮಾನು. ಹಾಗಿದ್ದೂ ಒಂದು ಓಡುತ್ತದೆ, ಎರಡು ಮುಷ್ಕರ ಹೂಡಿವೆ ಎಂದರೆ ತಲೆ ಕೆಡದೆ ಇರುತ್ತದೆಯೇ?

ಇದು ಟಿಟ್ವಾಳಾ ದಾಟಿ ಸ್ವಲ್ಪ ಮುಂದೆ, ನದಿಯ ದಂಡೆಯ ಮೇಲಿರುವ ಪಂಪ್ ಹೌಸ್. ಇಲ್ಲಿಂದ ಹೊರಟ ನೀರು ಶುದ್ಧವಾಗಿ, ಸುತ್ತಲಿನ ಹೊಸ ಕಟ್ಟಡಗಳಿಗೂ ಹಳೆಯ ಚಾಳುಗಳಿಗೂ ಹಂಚಿಹೋಗುತ್ತದೆ. ಕಲ್ಯಾಣದಲ್ಲಿ ಫ್ಲ್ಯಾಟ್ ಕೊಳ್ಳಲಾಗದವರು ಇಲ್ಲಿ ಮನೆ ಮಾಡಿ, ದಿನವೂ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಮುಂಬಯಿಗೆ ಹೋಗಿಬರುತ್ತಾರೆ. ಬೆಳಿಗ್ಗೆ ನಲ್ಲಿ ಬಂದರೆ ಅವರಿಗೆ ಗಾಡಿ ಸಿಗುತ್ತದೆ, ಬಾರದಿದ್ದರೆ ಇಡೀ ದಿನ ಹಳಿ ತಪ್ಪುತ್ತದೆ. ಎರಡು ಪಂಪು ಓಡಬೇಕು, ಮೂರನೆಯದು ಸಿದ್ಧವಾಗಿ ನಿಂತಿರಬೇಕು ಎಂಬುದು ಲೆಕ್ಕ. ದೀಪಾವಳಿಗೆ ಜನ ಊರಿಗೆ ಹೋದಾಗ ಬೇಡಿಕೆ ತಗ್ಗಿ ಒಂದೇ ಸಾಕಾಗಿತ್ತು. ಜನ ಮರಳಿ ಬಂದರು. ಎರಡನೆಯದನ್ನು ಚಾಲೂ ಮಾಡಲು ಹೋದರೆ ಮೋಟಾರು ನರಳಿ ಟ್ರಿಪ್ ಆಯಿತು. ಮೂರನೆಯದೂ ಟ್ರಿಪ್. ಬಡಾವಣೆಗಳಿಗೆ ದಿನ ಬಿಟ್ಟು ದಿನ ನೀರು ಬಿಡತೊಡಗಿದರು, ಟ್ಯಾಂಕರುಗಳು ಓಡಾಡತೊಡಗಿದವು, ಬೈಗುಳವೂ ಬರತೊಡಗಿತು.

ಅದರ ಮೇಲೆ ಠಾಣೆ ನಗರದಲ್ಲಿರುವ ನೀರು ಸರಬರಾಜಿನ ದೊಡ್ಡ ಕಚೇರಿಯಿಂದ ಒಂದು ಅಪ್ಪಣೆ ಬಂದಿತ್ತು. ಅದೇ ಕಂಪನಿಯ ಬೇರಿಂಗು, ಅದೇ ವರ್ಕ್‌ಶಾಪಿನ ಕೆಲಸ, ಹಾಗಾಗಿ ಒಂದನೇ ನಂಬರೂ ಇವತ್ತಲ್ಲ ನಾಳೆ ಮುರಿಯುತ್ತದೆ. ಓಡುತ್ತಿರುವಾಗ ಶಾಫ್ಟು ಮುರಿದರೆ ಇಡೀ ಪಂಪು ನದಿಯ ನೀರು ತುಂಬುವ ಕೆಳಗಿನ ಬಾವಿಗೆ ಬೀಳಬಹುದು. ಅದಕ್ಕೆ ಮೊದಲೇ ಅದನ್ನು ನಿಲ್ಲಿಸಿ ಬಿಚ್ಚಿರಿ ಎಂದು. ಮೇಲ್ನೋಟಕ್ಕೆ ಅದು ತಪ್ಪು ಮಾತಲ್ಲ. ಆದರೆ ನಿಲ್ಲಿಸಿದರೆ ಅಷ್ಟು ಬಡಾವಣೆಗಳಿಗೆ ತೊಟ್ಟು ನೀರೂ ಇಲ್ಲ. ಎರಡು ಪಂಪುಗಳಿಗೆ ಏನಾಯಿತು ಎಂದು ಕಂಡುಹಿಡಿಯದೆ ಓಡುತ್ತಿರುವ ಒಂದನೆಯದಕ್ಕೆ ಕೈ ಹಚ್ಚಲು ನನಗೆ ಮನಸ್ಸಿರಲಿಲ್ಲ. ಪಂಪ್ ಹೌಸಿನ ಉಸ್ತುವಾರಿಯ ಎಂಜಿನಿಯರ್ ಮೇಡಂ ನನ್ನ ಮುಖ ನೋಡಿ, ಎರಡನೆಯದನ್ನು ಬಿಚ್ಚುವಷ್ಟು ಸಮಯ ಠಾಣೆಯವರಿಂದ ಕೇಳಿ ತೆಗೆದುಕೊಂಡರು. ಮೂವತ್ತೈದರ ಆಸುಪಾಸಿನ ಹೆಂಗಸು, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರು. ನನ್ನೊಡನೆ ಮಾತೆಲ್ಲ ಮರಾಠಿಯಲ್ಲಿ.

ಈ ಪಂಪಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೇಳಲು ನನಗೆ ಇಷ್ಟವೂ ಹೌದು. ಇದಕ್ಕೆ ವರ್ಟಿಕಲ್ ಟರ್ಬೈನ್ ಪಂಪ್ ಎಂದು ಹೆಸರು. ನಮ್ಮಪ್ಪ ಕುಂದಾಪುರದಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲು ನಡೆಸಿದರು, ನಾನು ಅದೇ ಊರಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಂಪು ದುರಸ್ತಿಯ ವರ್ಕ್‌ಶಾಪು ಹಾಕಿಕೊಂಡೆ. ಎಷ್ಟೋ ಜಾತಿಯ ಪಂಪು ಬಿಚ್ಚಿದ್ದೇನೆ, ಇದರಷ್ಟು ಮರ್ಯಾದಸ್ಥ ಯಂತ್ರವನ್ನು ನೋಡಿಲ್ಲ.

ಮೇಲೆ ಕುಳಿತು ನೀರು ಹೀರುವ ಸಾಮಾನ್ಯ ಪಂಪಿಗೆ ಒಂದು ಮಿತಿ ಇದೆ. ಹೀರುವುದು ಎಂದು ನಾವು ಹೇಳುತ್ತೇವೆ, ನಿಜಕ್ಕೂ ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಅದು ಏಳೆಂಟು ಮೀಟರಿಗೆ ಸುಸ್ತಾಗುತ್ತದೆ. ನಮ್ಮ ನದಿಯೋ, ಜುಲೈಯಲ್ಲಿ ಪಂಪ್ ಹೌಸಿನ ಮೆಟ್ಟಿಲ ತನಕ ಬರುತ್ತದೆ, ಮೇ ತಿಂಗಳಲ್ಲಿ ಬಂಡೆ ತೋರಿಸಿಕೊಂಡು ತಳ ಹಿಡಿಯುತ್ತದೆ. ಪಂಪನ್ನು ಕೆಳಗಿಟ್ಟರೆ ಮಳೆಗಾಲದಲ್ಲಿ ಮೋಟಾರು ಮುಳುಗುತ್ತದೆ, ಮೇಲಿಟ್ಟರೆ ಬೇಸಿಗೆಯಲ್ಲಿ ನೀರು ಎಟುಕುವುದಿಲ್ಲ. ಇದಕ್ಕೆ ಯಾವನೋ ಪುಣ್ಯಾತ್ಮ ಉಪಾಯ ಹುಡುಕಿದ. ಮೋಟಾರು ಮೇಲೆ ಒಣಗಿದ ಜಾಗದಲ್ಲಿರಲಿ, ಪಂಪು ಮಾತ್ರ ಬಾವಿಗಿಳಿದು ನೀರಲ್ಲೇ ಮುಳುಗಿರಲಿ, ಇಬ್ಬರ ನಡುವೆ ಉದ್ದನೆಯ ಶಾಫ್ಟು ಇರಲಿ ಎಂದ.

ಹಾಗಾಗಿ ಪಂಪ್ ಹೌಸಿನಲ್ಲಿ ಕಣ್ಣಿಗೆ ಕಾಣುವುದು ನೆಟ್ಟಗೆ ನಿಂತ ಮೋಟಾರು, ಅದರ ಬುಡದಿಂದ ಪಕ್ಕಕ್ಕೆ ಹೊರಟ ದಪ್ಪ ಪೈಪು, ಇಷ್ಟೇ. ಅಸಲು ಪಂಪು ಕಾಲ ಕೆಳಗೆ ಬಾವಿಯಲ್ಲಿ ತೂಗುತ್ತಿರುತ್ತದೆ. ತುಂಡು ತುಂಡಾದ ಪೈಪುಗಳನ್ನು ಒಂದರ ಕೆಳಗೊಂದು ಜೋಡಿಸಿ ಇಳಿಬಿಟ್ಟಿರುತ್ತಾರೆ. ತೀರ ಕೆಳಗೆ ಒಂದರ ಮೇಲೊಂದು ಕೂರಿಸಿದ ಕಬ್ಬಿಣದ ಬಟ್ಟಲುಗಳು, ಪ್ರತಿ ಬಟ್ಟಲಲ್ಲೂ ತಿರುಗುವ ಒಂದು ಚಕ್ರ. ಮೊದಲ ಚಕ್ರ ನೀರನ್ನು ಎತ್ತಿ ಎರಡನೆಯದರ ಕೈಗೆ ಕೊಡುತ್ತದೆ, ಎರಡನೆಯದು ಇನ್ನಷ್ಟು ಒತ್ತಡ ಕೊಟ್ಟು ಮೂರನೆಯದಕ್ಕೆ. ಎತ್ತರ ಹೆಚ್ಚು ಬೇಕೇ, ಬಟ್ಟಲು ಹೆಚ್ಚು ಹಾಕಿ. ಪೈಪಿನ ಬಾಯಿ ಸದಾ ನೀರಲ್ಲೇ ಇರುವುದರಿಂದ ಚಾಲೂ ಮಾಡುವ ಮುಂಚೆ ನೀರು ಹೊಯ್ದು ಗಾಳಿ ಬಿಡಿಸುವ ಗೋಜಿಲ್ಲ. ಗುಂಡಿ ಒತ್ತಿದೊಡನೆ ನೀರು. ಅದಕ್ಕೇ ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ, ಕಾಮೋಠೆಯ ಬಹುಮಹಡಿ ಕಟ್ಟಡಗಳಲ್ಲಿ ಬೆಂಕಿ ಆರಿಸುವ ನೀರು ನೆಲದಡಿಯ ತೊಟ್ಟಿಯಲ್ಲಿದ್ದರೆ, ಅದರ ಮೇಲೆ ಈ ಪಂಪನ್ನೇ ನಿಲ್ಲಿಸುತ್ತಾರೆ. ಬೆಂಕಿ ಬಿದ್ದಾಗ ಪಂಪಿನ ಮನವೊಲಿಸುತ್ತ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ವಿದ್ಯುತ್ ಸ್ಥಾವರಗಳಲ್ಲಿ ತಂಪುನೀರು ಎತ್ತುವುದೂ ಇದೇ.

ಇಷ್ಟು ಉದ್ದದ ಶಾಫ್ಟು ಓಲಾಡದಂತೆ ಪೈಪಿನ ಪ್ರತಿ ಕೀಲಿನಲ್ಲೂ ಒಂದು ರಬ್ಬರಿನ ಬೇರಿಂಗು ಅದನ್ನು ಹಿಡಿದಿರುತ್ತದೆ. ಈ ಬೇರಿಂಗಿನ ಚಂದ ಏನೆಂದರೆ ಅದಕ್ಕೆ ಎಣ್ಣೆ ಬೇಡ, ಗ್ರೀಸು ಬೇಡ. ಪಂಪು ಎತ್ತುವ ನೀರೇ ಅದರ ಮೈ ತೊಳೆದು ತಂಪಾಗಿಡುತ್ತದೆ. ತೊಂದರೆ ಶುರುವಿನಲ್ಲಿ ಮಾತ್ರ. ನಿಂತ ಪಂಪಿನಲ್ಲಿ ನೀರಿನ ಮಟ್ಟಕ್ಕಿಂತ ಮೇಲಿರುವ ಬೇರಿಂಗುಗಳು ಒಣಗಿರುತ್ತವೆ. ಒಣ ರಬ್ಬರಿನಲ್ಲಿ ಶಾಫ್ಟು ತಿರುಗಿದರೆ ಕ್ಷಣದಲ್ಲಿ ಸುಟ್ಟು ಕರಕಲು. ಅದಕ್ಕಾಗಿ ಪ್ರತಿ ಪಂಪಿಗೂ ತಲೆಯ ಮೇಲೆ ಒಂದು ಸಣ್ಣ ತೊಟ್ಟಿ ಇದೆ. ಚಾಲೂ ಮಾಡುವ ಮುಂಚೆ ವಾಲ್ವು ತಿರುಗಿಸಿ ಆ ನೀರನ್ನು ಒಳಗೆ ಬಿಡಬೇಕು, ಬೇರಿಂಗುಗಳು ನೆನೆಯಬೇಕು, ಆಮೇಲೆ ಗುಂಡಿ ಒತ್ತಬೇಕು.

ಮಳೆಗಾಲದ ಕೆಸರು ನೀರಿನಲ್ಲಿ ಮರಳು ಬಹಳ. ಮರಳಿಗೆ ಮೆತ್ತನೆಯ ಸಹಜ ರಬ್ಬರೇ ಒಳ್ಳೆಯದು. ಕಣ ಸಿಕ್ಕಿಕೊಂಡರೂ ರಬ್ಬರು ಸ್ವಲ್ಪ ತಗ್ಗಿ ಜಾಗ ಕೊಟ್ಟು ದಾಟಿಸಿಬಿಡುತ್ತದೆ. ನಾನು ಮೂರೂ ಪಂಪಿಗೆ ಹಾಕಿದ್ದು ಅದನ್ನೇ. ಈಗ ಆ ಆಯ್ಕೆಯೇ ಕಟಕಟೆಯಲ್ಲಿ ನಿಂತಿತ್ತು.

ಮೊದಲು ಎರಡನೇ ನಂಬರಿನ ಮೋಟಾರಿಗೂ ಶಾಫ್ಟಿಗೂ ಇರುವ ಸಂಬಂಧ ಬಿಡಿಸಿದೆವು. ಮೋಟಾರೊಂದನ್ನೇ ಓಡಿಸಿದರೆ ಬುಗುರಿಯಂತೆ ತಿರುಗಿತು. ಹಾಗಾದರೆ ದೋಷ ಕೆಳಗೆ. ನನಗೆ ಬಂದ ಮೊದಲ ಅನುಮಾನ ಚಕ್ರಗಳ ಮೇಲೆ. ಇಡೀ ಶಾಫ್ಟಿನ ಭಾರ ಮೇಲಿನ ಒಂದು ನಟ್ಟಿನ ಮೇಲೆ ನಿಂತಿರುತ್ತದೆ. ಅದನ್ನು ತಿರುಗಿಸಿ ಶಾಫ್ಟನ್ನು ಕೂದಲೆಳೆಯಷ್ಟು ಎತ್ತಿ, ಚಕ್ರ ಬಟ್ಟಲಿನ ತಳಕ್ಕೆ ತಾಗದಂತೆ ಇಡಬೇಕು. ಅದು ಸಡಿಲವಾಗಿ ಚಕ್ರಗಳು ಕೆಳಗೆ ಕೂತಿರಬೇಕು ಎಂದುಕೊಂಡೆ. ನಟ್ಟು ತಿರುಗಿಸಿ ಎತ್ತಿದೆವು. ಶಾಫ್ಟು ಮೇಲೆ ಬಂತು, ಆದರೆ ತಿರುಗಲಿಲ್ಲ. ಮರಳು ಸಿಕ್ಕಿರಬಹುದು ಎಂದು ಒತ್ತಡದ ನೀರು ಬಿಟ್ಟು ತೊಳೆದೆವು. ಏನೂ ಆಗಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಪಂಪಿಗೆ ನಾಲ್ಕು ಬೈದೆ, ತೊಟ್ಟಿಗೆ ಬೈದೆ, ಚಹಾ ತಣ್ಣಗಾಗಿದೆ ಎಂದು ಆಪರೇಟರಿಗೂ ಬೈದೆ.

ಆಪರೇಟರ್ ವಿಜಯಪುರದ ಕಡೆಯವರು. ಗುತ್ತಿಗೆಯ ನೌಕರಿ, ಪಂಪ್ ಹೌಸಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳೊಡನೆ ವಾಸ. ಪಂಪ್ ಹೌಸಿನ ನೆಲದಲ್ಲಿ ಅನ್ನ ಬಡಿಸಿಕೊಂಡು ಉಣ್ಣಬಹುದು, ಅಷ್ಟು ಚೊಕ್ಕಟ ಇಡುತ್ತಿದ್ದರು. ಮೋಟಾರುಗಳ ಮೇಲೆ ಧೂಳಿನ ಕಣ ಇರುತ್ತಿರಲಿಲ್ಲ. ನಾನು ಬೈದರೂ ಅವರು ಬೇಸರಿಸದೆ, "ಬಿಸೀ ಚಾ ತರ್ತೀನ್ರಿ ಸಾಹೇಬ್ರ," ಎಂದು ಹೋದರು.

ಕೊನೆಗೆ ಎಳೆಯುವುದೇ ಸರಿ ಎಂದು ತೀರ್ಮಾನಿಸಿದೆ. ಎಳೆಯುವುದು ಹೇಳಿದಷ್ಟು ಸುಲಭವಲ್ಲ. ಮೇಲಿನ ಗರ್ಡರಿಗೆ ಚೈನ್ ಬ್ಲಾಕು ಎಂಬ ಸರಪಳಿ ರಾಟೆ ಕಟ್ಟಿ ಇಡೀ ಪಂಪನ್ನು ಒಂದು ಪೈಪಿನಷ್ಟು ಎತ್ತಬೇಕು. ಬಾವಿಯ ಬಾಯಿಯ ಮೇಲೆ ಕಬ್ಬಿಣದ ಕ್ಲ್ಯಾಂಪು ಬಿಗಿದು ಕೆಳಗಿನ ಭಾಗವನ್ನು ಅದರ ಮೇಲೆ ಕೂರಿಸಬೇಕು. ಆಮೇಲೆ ಮೇಲಿನ ಪೈಪು ಬಿಚ್ಚಿ ಪಕ್ಕಕ್ಕಿಡಬೇಕು, ಶಾಫ್ಟಿನ ತುಂಡು ಬಿಚ್ಚಬೇಕು, ಮತ್ತೆ ಎತ್ತಬೇಕು. ಕ್ಲ್ಯಾಂಪು ಜಾರಿದರೆ ಉಳಿದದ್ದೆಲ್ಲ ಗಂಗಾರ್ಪಣ. ಫಿಟ್ಟರ್ ಪ್ರತಿ ಸಲ ಕ್ಲ್ಯಾಂಪು ಬಿಗಿದು, ಅದರ ಮೇಲೆ ತಾನೇ ಒಮ್ಮೆ ಹತ್ತಿ ನಿಂತು ನೋಡಿ, ಆಮೇಲೆ ಬ್ಲಾಕು ಸಡಿಲ ಬಿಡುತ್ತಿದ್ದ. ಅವನ ಕೆಲಸ ನೋಡುತ್ತ ಕೂರುವುದೇ ಒಂದು ಸುಖ. ಅವಸರ ಎಂಬ ಪದ ಅವನಿಗೆ ಯಾರೂ ಕಲಿಸಿಲ್ಲ.

ಮೊದಲನೆಯ ಬೇರಿಂಗು ಹೊರಬಂತು. ಶಾಫ್ಟಿನಿಂದ ಕಳಚಲು ಸುತ್ತಿಗೆ ಬೇಕಾಯಿತು. ರಬ್ಬರು ಉಬ್ಬಿತ್ತು. ಎರಡನೆಯದು ಇನ್ನೂ ಉಬ್ಬಿತ್ತು. ಬಾವಿಯ ನೀರಿನ ಮಟ್ಟಕ್ಕೆ ಸರಿಯಾಗಿ ಇದ್ದ ಮೂರನೆಯದು ಶಾಫ್ಟನ್ನು ಅಪ್ಪಿ ಹಿಡಿದು ಬಿಡಲೊಲ್ಲದು. ಅದರ ಕೆಳಗಿನ, ಸದಾ ನೀರಲ್ಲೇ ಮುಳುಗಿದ್ದ ಬೇರಿಂಗುಗಳು ನೋಡಿದರೆ ನಿನ್ನೆ ಹಾಕಿದಂತಿವೆ. ಬಟ್ಟಲುಗಳಲ್ಲಿ ಒಂದು ಗೀರೂ ಇಲ್ಲ. ರಬ್ಬರು ಕಳಪೆಯಾಗಿದ್ದರೆ ಎಲ್ಲವೂ ಕೆಡಬೇಕಿತ್ತು. ಮೇಲಿನವು ಮಾತ್ರ ಏಕೆ ಕೆಟ್ಟವು? ಅದರಲ್ಲೂ ನೀರಿನ ಮಟ್ಟದಲ್ಲಿದ್ದದ್ದು ಏಕೆ ಹೆಚ್ಚು ಕೆಟ್ಟಿತು? ನೀರಿನ ಮೇಲೆ ತೇಲುವಂಥದ್ದು ಏನೋ ಒಳಗೆ ಹೋಗಿ ಅಲ್ಲೇ ನಿಂತಿದೆ.

ಆ ಮೂರನೆಯ ಬೇರಿಂಗನ್ನು ಬೆರಳಿನಿಂದ ಉಜ್ಜಿದೆ. ಜಾರಿತು. ಮೂಗಿನ ಹತ್ತಿರ ಹಿಡಿದೆ. ನದಿಯ ಕೆಸರಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಡೊಂಬಿವಲಿಯ ನಮ್ಮ ಚಾಳಿನಲ್ಲಿ ದೀಪಾವಳಿಯ ಬೆಳಗ್ಗೆ ಪ್ರತಿ ಮನೆಯ ಬಚ್ಚಲಿನಿಂದ ಬರುತ್ತಿದ್ದ ವಾಸನೆ ಅದು. ಅಭ್ಯಂಗ ಸ್ನಾನದ ಸುಗಂಧದ ಎಣ್ಣೆ. ಸಹಜ ರಬ್ಬರಿಗೂ ಎಣ್ಣೆಗೂ ಜನ್ಮವೈರ. ಎಣ್ಣೆ ಕುಡಿದರೆ ರಬ್ಬರು ಉಬ್ಬಿ ಉಬ್ಬಿ ಶಾಫ್ಟಿನ ಕುತ್ತಿಗೆ ಹಿಸುಕುತ್ತದೆ.

ನಾನು ತಲೆಯೆತ್ತಿ ಆಪರೇಟರನ್ನು ನೋಡಿದೆ. ಅವರು ಬಿಸಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಅವರ ಹೆಂಡತಿ. ಮೇಡಂ ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿದ್ದರು.

"ಎಂತ ಹಾಕಿದ್ರಿ ಮಾರಾಯ್ರೆ ಇದಕ್ಕೆ?" ಎಂದು ಕನ್ನಡದಲ್ಲೇ ಕೇಳಿದೆ.

"ಏನೂ ಹಾಕಿಲ್ರಿ. ಗ್ರೀಸ್ ಹಚ್ಚಬ್ಯಾಡ ಅಂತ ನೀವ ಹೇಳೀರಲ್ರಿ. ಮುಟ್ಟೇ ಇಲ್ಲ."

"ಗ್ರೀಸ್ ಅಲ್ಲ. ಎಣ್ಣೆ. ಅಭ್ಯಂಗದ್ದು."

ಅವರ ಮುಖ ಸಣ್ಣದಾಯಿತು. ಹೆಂಡತಿಯ ಕಡೆ ತಿರುಗಿದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅದು ಜಳಕದ ಎಣ್ಣೀರಿ," ಎಂದರು ಆಪರೇಟರ್ ಮೆಲ್ಲಗೆ. "ಮಶೀನ ನೀವು ಹೊಸಾವಂಗ ಮಾಡಿ ಕೊಟ್ಟಿದ್ರಿ. ಮೊದಲನೇ ದೀಪಾವಳಿ. ಮನಿಗೆ ಹೊಸ ಅಳಿಯಾ ಬಂದ್ರ ಎಣ್ಣಿ ಹಚ್ಚಿ ನೀರ ಹಾಕ್ತೀವಿ, ಇವು ಇಷ್ಟ ಮಂದಿಗೆ ನೀರ ಕೊಡ್ತಾವ, ಇವಕ್ಕ ಬ್ಯಾಡೇನು ಅಂದ್ಳು ನಮ್ಮಾಕಿ. ನನಗೂ ಖರೇ ಅನಿಸ್ತು. ಬಿಸಿನೀರಾಗ ಒಂದೊಂದು ಬಾಟ್ಲಿ ಎಣ್ಣಿ ಕಲಸಿ ಮ್ಯಾಲಿನ ತೊಟ್ಟ್ಯಾಗ ಹಾಕಿ ಒಳಗ ಬಿಟ್ವಿ. ಆರತಿ ಮಾಡಿದ್ವಿ. ತಪ್ಪಾತೇನ್ರಿ?"

ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಪಂಪನ್ನು ಒದ್ದವರನ್ನು ನೋಡಿದ್ದೇನೆ, ತುಕ್ಕು ಹಿಡಿಯಲು ಬಿಟ್ಟವರನ್ನು ನೋಡಿದ್ದೇನೆ. ಪ್ರೀತಿ ಹೆಚ್ಚಾಗಿ ಪಂಪು ಕೆಡಿಸಿದವರನ್ನು ನೋಡಿದ್ದು ಇದೇ ಮೊದಲು.

"ಮೂರಕ್ಕೂ ಹಾಕಿದ್ರಾ?"

"ಇಲ್ರಿ. ಒಂದನೇ ನಂಬರದಂವ ದುಡಿಯಾಕತ್ತಿದ್ದ. ಓಡೂ ಮಶೀನಿಗೆ ಹ್ಯಾಂಗ ಜಳಕ ಮಾಡ್ಸೂದು? ನಿಂತ ಮ್ಯಾಲ ಮಾಡ್ಸೂಣು ಅಂತ ಬಿಟ್ವಿ. ಅಂವ ನಿಂತೇ ಇಲ್ಲ."

ಆ ಮಾತು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಪಂಪು ಓಡುವಾಗ ಒಳಗೆ ಒತ್ತಡ ಇರುತ್ತದೆ; ತೊಟ್ಟಿಯ ವಾಲ್ವು ಮುಚ್ಚಿಯೇ ಇರಬೇಕು. ಒಂದನೇ ನಂಬರಿಗೆ ಎಣ್ಣೆ ಹೋಗಿಲ್ಲ. ಅದು ಗಟ್ಟಿಮುಟ್ಟಾಗಿದೆ. ಅದನ್ನು ನಿಲ್ಲಿಸುವ ಅಗತ್ಯವೇ ಇಲ್ಲ. ಆಪರೇಟರಿನ ಹೆಂಡತಿ ಕೋಣೆಗೆ ಹೋಗಿ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟಳು. ಮುಚ್ಚಳದ ಸೀಲು ಹಾಗೆಯೇ ಇತ್ತು.

"ಒಂದನೇ ನಂಬರಿಂದು," ಎಂದಳು.

ಆಪರೇಟರ್ ನನ್ನ ಹತ್ತಿರ ಬಂದು ದನಿ ಇನ್ನೂ ತಗ್ಗಿಸಿದರು. "ಸಾಹೇಬ್ರ, ಮೇಡಮ್ಮಾರಿಗೆ ಹೇಳಬ್ಯಾಡ್ರಿ. ಗುತ್ತಿಗೀ ನೌಕರಿ. ಗೊತ್ತಾದ್ರ ಇವತ್ತ ಹೊರಗ ಹಾಕ್ತಾರ. ಖೋಲೀನೂ ಹೋಗ್ತದ. ಹುಡುಗ್ಯಾರ ಸಾಲಿ ನಡದದ."

ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಎಣ್ಣೆಯ ವಿಷಯ ಹೇಳಿದರೆ ನಮ್ಮ ಬೇರಿಂಗಿನ ಮೇಲಿನ ಅಪವಾದ ಹೋಗುತ್ತದೆ, ಒಂದನೇ ನಂಬರ್ ಉಳಿಯುತ್ತದೆ, ಊರಿಗೆ ನೀರು ಉಳಿಯುತ್ತದೆ. ಆದರೆ ಈ ಸಂಸಾರ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಇವರು ಉಳಿಯುತ್ತಾರೆ, ಆದರೆ ಬೇರಿಂಗು 'ತಾನಾಗಿ' ಕೆಟ್ಟಿತು ಎಂದಾಗುತ್ತದೆ. ಆಗ ಓಡುವ ಪಂಪನ್ನು ನಿಲ್ಲಿಸಿ ಎಂಬ ಠಾಣೆಯ ಮಾತಿಗೆ ನಾನು ಎದುರಾಡಲು ಬಾಯಿಯೇ ಇರುವುದಿಲ್ಲ. ಎರಡನ್ನೂ ಉಳಿಸುವ ದಾರಿ ನನಗೆ ಹೊಳೆಯಲಿಲ್ಲ. ಆ ಹೆಂಗಸಿನ ಮುಖ ನೋಡಿ ನಾಲಗೆ ತಾನಾಗಿ ಹೊರಳಿತು. ಮೇಡಂ ಕಡೆ ತಿರುಗಿ ಮರಾಠಿಯಲ್ಲಿ, ನದಿಗೆ ಯಾವುದೋ ಕಾರ್ಖಾನೆಯ ಎಣ್ಣೆ ಬಂದು ಸೇರಿರಬೇಕು, ಹಾಗಾಗಿ ರಬ್ಬರು ಉಬ್ಬಿದೆ ಎಂದು ಶುರು ಮಾಡಿದೆ.

ಮೇಡಂ ಫೋನು ಕೆಳಗಿಟ್ಟರು. "ನದಿಗೆ ಬಂದಿದ್ದರೆ ಒಂದನೆಯದಕ್ಕೂ ಹೋಗಬೇಕಿತ್ತಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ಅವರು ಎದ್ದು ಬಂದು ಮೇಜಿನ ಮೇಲಿದ್ದ ಬಾಟಲಿಯನ್ನು ಕೈಗೆತ್ತಿಕೊಂಡು, ಸೀಲಿನ ಮೇಲೆ ಬೆರಳಾಡಿಸಿದರು. "ಮಾಝೀ ಆಯೀ ಗದಗಚೀ ಆಹೇ," ಎಂದರು. ನನ್ನ ತಾಯಿ ಗದಗಿನವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡಲು ಮಾತ್ರ ನಾಚಿಕೆ, ತಪ್ಪಾದರೆ ಎಲ್ಲರೂ ನಗುತ್ತಾರೆ ಎಂದು ಮರಾಠಿಯಲ್ಲೇ ಸೇರಿಸಿದರು.

ನಾವು ಕನ್ನಡದಲ್ಲಿ ಆಡಿದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ಆಪರೇಟರ್ ಗೋಡೆ ಹಿಡಿದು ನಿಂತರು.

ಮೇಡಂ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಂದನೇ ನಂಬರಿನ ಬಗ್ಗೆ ನಿಮಗೆ ಖಾತ್ರಿಯೇ? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗಿಟ್ಟು, ಹಿಡಿಯನ್ನು ಕಿವಿಗಿಟ್ಟು ಕೇಳಿದೆ. ಉಜ್ಜುವ ಸದ್ದಿಲ್ಲ, ನುಣ್ಣಗಿತ್ತು. ಮೋಟಾರು ಎಳೆಯುವ ಕರೆಂಟು ಎಷ್ಟಿರಬೇಕೋ ಅಷ್ಟೇ ಇತ್ತು. ಖಾತ್ರಿ ಎಂದೆ. ಅವರು ಅಲ್ಲೇ ನಿಂತು ಠಾಣೆಗೆ ಫೋನು ಮಾಡಿದರು. ನಿಂತಿದ್ದ ಎರಡು ಪಂಪುಗಳೊಳಗೆ ಎಣ್ಣೆ ಹೋಗಿದೆ, ಬೇರಿಂಗಿನ ದೋಷವಲ್ಲ. ತೊಟ್ಟಿಗಳಿಗೆ ಮುಚ್ಚಳ ಇರಲಿಲ್ಲ, ಏನು ಹಾಕಬಾರದು ಎಂಬ ಒಂದು ಫಲಕ ಇರಲಿಲ್ಲ, ಅದೆರಡೂ ನೋಡಿಕೊಳ್ಳಬೇಕಾದವಳು ನಾನು. ಒಂದನೇ ಪಂಪನ್ನು ನಿಲ್ಲಿಸುವುದಿಲ್ಲ ಎಂದರು. ಆ ಕಡೆಯಿಂದ ಯಾರು ಹಾಕಿದರು ಎಂದು ಕೇಳಿರಬೇಕು. "ಪಂಪ್ ಹೌಸ್ ನನ್ನದು. ಉತ್ತರ ನಾನು ಕೊಡುತ್ತೇನೆ," ಎಂದರು. ಆ ಕಡೆಯ ದನಿ ಏರಿದ್ದು ನಮಗೂ ಕೇಳಿಸಿತು. ಒಂದನೆಯದು ನಿಂತರೆ ಹೊಣೆ ಯಾರದು ಎಂದು ಆ ಕಡೆಯವರು ಕೇಳಿದ್ದನ್ನು ಮೇಡಂ ತುಟಿ ಬಿಗಿಹಿಡಿದು ಕೇಳಿಸಿಕೊಂಡು, "ಹೋಯ್ ಸರ್, ಮಾಝೀ," ಎಂದು ಫೋನಿಟ್ಟರು. ಹೌದು ಸರ್, ನನ್ನದೇ ಎಂದು.

ನನಗೆ ಮೇಡಂ ಮೇಲೆ ಗೌರವ ಉಕ್ಕಿಬಂತು. ದೊಡ್ಡ ಮಾತಾಡುವ ಅಧಿಕಾರಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ತನ್ನ ಕೈಕೆಳಗಿನ ಒಬ್ಬ ಗುತ್ತಿಗೆ ನೌಕರನ ಪ್ರೀತಿಯ ತಪ್ಪಿಗೆ ತನ್ನ ತಲೆ ಕೊಟ್ಟವರನ್ನು ಹೆಚ್ಚು ಕಂಡಿಲ್ಲ. ನಾನು ಸುಳ್ಳು ಹೇಳಿ ಉಳಿಸಲು ಹೊರಟಿದ್ದನ್ನು ಅವರು ನಿಜ ಹೇಳಿಯೇ ಉಳಿಸಿದರು. ಆದರೆ ಈಗ ಇಬ್ಬರ ನೌಕರಿಯೂ ಒಂದೇ ಪಂಪಿನ ಮೇಲೆ ತೂಗುತ್ತಿತ್ತು, ಖಾತ್ರಿ ಎಂದ ನನ್ನ ಮಾತೂ ಅದರ ಜೊತೆಗೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಶುರು ಮಾಡಿದೆವು ಎಂದರೆ ಈ ಸಂದರ್ಭಕ್ಕೆ ಒಪ್ಪುವುದಿಲ್ಲವೇನೋ, ಆದರೆ ಹಾಗೆಯೇ ಮಾಡಿದೆವು. ಡೊಂಬಿವಲಿಯಿಂದ ಹೊಸ ಬೇರಿಂಗುಗಳು ಟೆಂಪೋದಲ್ಲಿ ಬಂದವು. ಎಣ್ಣೆಗೆ ಹೆದರದ ಬೇರೆ ರಬ್ಬರು ಹಾಕೋಣವೇ ಎಂದು ಫಿಟ್ಟರ್ ಕೇಳಿದ. ಬೇಡ ಎಂದೆ. ನದಿಯ ಮರಳು ಪ್ರತಿ ವರ್ಷ ಬರುವಂಥದ್ದು, ಅಳಿಯನ ಮೊದಲ ದೀಪಾವಳಿ ಒಂದೇ ಸಲ. ಪೈಪುಗಳ ಒಳಮೈಯನ್ನು ಸಾಬೂನಿನ ನೀರಿನಿಂದ ಉಜ್ಜಿದೆವು. ಅದರಲ್ಲಿ ಆಪರೇಟರ್ ದಂಪತಿ ತೋರಿಸಿದ ಶ್ರದ್ಧೆ ನೋಡಿದ್ದರೆ ಪಂಪಿಗೂ ನಾಚಿಕೆಯಾಗುತ್ತಿತ್ತು. ಶಾಫ್ಟಿನ ಒಂದು ತುಂಡಿನಲ್ಲಿ ರಬ್ಬರು ಕಚ್ಚಿದ ಕಲೆ ಆಳವಾಗಿ ಕೂತಿತ್ತು, ಅದನ್ನು ವರ್ಕ್‌ಶಾಪಿಗೆ ಒಯ್ದು ಲೇತಿನಲ್ಲಿ ಸರಿಪಡಿಸಿ ತರುವಷ್ಟರಲ್ಲಿ ಕೆಲಸ ಮತ್ತೆ ಹಿಂದೆ ಬಿತ್ತು. ಮೇಡಂ ದಿನವೂ ಬಂದು ಮೊದಲು ಒಂದನೇ ನಂಬರಿನ ಕರೆಂಟು ಓದುವ ಮೀಟರಿನ ಮುಂದೆ ನಿಲ್ಲುತ್ತಿದ್ದರು.

ಎರಡನೇ ನಂಬರಿನ ಕೊನೆಯ ಪೈಪು ಕೂರಿಸಿದ್ದೆವು, ಮೋಟಾರು ಇನ್ನೂ ಚೈನ್ ಬ್ಲಾಕಿನಲ್ಲಿ ತೂಗುತ್ತಿತ್ತು, ಮೂರನೆಯದಕ್ಕೆ ಇನ್ನೂ ಕೈ ಹಚ್ಚಿರಲಿಲ್ಲ. ಮಧ್ಯಾಹ್ನದ ಹೊತ್ತು. ಇದ್ದಕ್ಕಿದ್ದಂತೆ ದೀಪ ಹೋಯಿತು. ಪಂಪ್ ಹೌಸಿಗೆಂದೇ ಬೇರೆ ಲೈನು ಇದ್ದುದರಿಂದ ಅಲ್ಲಿ ಕರೆಂಟು ಹೋಗುವುದು ಅಪರೂಪ. ಒಂದನೇ ನಂಬರಿನ ಗುಂಯ್ ಸದ್ದು ಇಳಿಯುತ್ತ ಬಂದು, ನಿಂತೇಹೋಯಿತು. ಮೇಲೆ ಹೋಗುತ್ತಿದ್ದ ನೀರೆಲ್ಲ ಪೈಪಿನಲ್ಲಿ ಹಿಂದಕ್ಕೆ ಸುರಿಯುತ್ತ ಶಾಫ್ಟನ್ನು ಉಲ್ಟಾ ತಿರುಗಿಸಲು ನೋಡುತ್ತದೆ. ಅದನ್ನು ತಡೆಯುವ ಹಲ್ಲು ಕಟಕ್ಕೆಂದು ಕಚ್ಚಿಕೊಂಡ ಸದ್ದು ಬಂತು. ಆಮೇಲೆ ನಿಶ್ಶಬ್ದ. ಇಷ್ಟು ದಿನ ಯಾರು ನಿಲ್ಲಬಾರದು ಎಂದಿದ್ದೆವೋ ಅವನು ನಿಂತಿದ್ದ. ನನ್ನ ಲೆಕ್ಕ ತಪ್ಪಿದ್ದರೆ ಇನ್ನು ಏಳುವುದಿಲ್ಲ.

ಸ್ವಲ್ಪ ಹೊತ್ತಿಗೆ ದೀಪ ಮರಳಿ ಬಂತು. ಈಗ ಕ್ರಮದ ಪ್ರಕಾರ ತೊಟ್ಟಿಯ ವಾಲ್ವು ತಿರುಗಿಸಿ ನೀರು ಬಿಡಬೇಕು. ಅದು ಆಪರೇಟರಿನ ಕೆಲಸ. ಅವರು ಏಣಿಯ ಬುಡದಲ್ಲಿ ನಿಂತಿದ್ದರೇ ಹೊರತು ಹತ್ತಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. "ನೀವ ಬಿಡ್ರಿ ಸಾಹೇಬ್ರ," ಎಂದರು ನನಗೆ. "ನನ್ನ ಕೈ ಬ್ಯಾಡ."

ನಾನು ಏಣಿಯ ಕಡೆ ಹೆಜ್ಜೆ ಹಾಕಿದೆ. ಮೇಡಂ ನನ್ನನ್ನು ಕೈಯಿಂದ ತಡೆದರು. ಆಪರೇಟರಿನ ಕಡೆ ತಿರುಗಿ, ಒಂದು ಕ್ಷಣ ಪದ ಹುಡುಕಿ, "ನೀವ ಬಿಡ್ರಿ," ಎಂದರು. "ನೀವ ಇಷ್ಟ ದಿನಾ ನೋಡಿಕೊಂಡೀರಿ. ನೀರ ನೀವ ಬಿಡ್ರಿ." ಅವರ ಬಾಯಿಂದ ನಾವು ಕೇಳಿದ ಮೊದಲ ಕನ್ನಡ ಅದು. ಯಾರೂ ನಗಲಿಲ್ಲ.

ಆಪರೇಟರ್ ಏಣಿ ಹತ್ತಿದರು. ತೊಟ್ಟಿಯೊಳಗೆ ಬಗ್ಗಿ ನೋಡಿದರು, ಬೆರಳು ಅದ್ದಿ ಮೂಸಿ ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ವಾಲ್ವು ತಿರುಗಿಸಿದರು. ನೀರು ಪೈಪಿನೊಳಗೆ ಇಳಿಯುತ್ತ ಇಳಿಯುತ್ತ ಬಾವಿಯ ಆಳಕ್ಕೆ ಹೋಗುವ ಸದ್ದನ್ನು ಎಲ್ಲರೂ ನಿಂತು ಕೇಳಿದೆವು. ಫಿಟ್ಟರ್ ಶಾಫ್ಟಿಗೆ ಕೈ ಹಾಕಿದ. ರೆಂಚ್ ಇಲ್ಲ, ಬರಿಗೈ. ಶಾಫ್ಟು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಅವನು ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ಗುಂಡಿ ಒತ್ತಿದೆ. ಮೀಟರಿನ ಮುಳ್ಳು ಒಮ್ಮೆ ಮೇಲಕ್ಕೆ ಹಾರಿ, ಇಳಿದು, ಎಂದಿನ ಜಾಗದಲ್ಲಿ ನಿಂತಿತು. ಪಕ್ಕದ ದಪ್ಪ ಪೈಪು ನಡುಗಿ ತುಂಬಿಕೊಂಡಿತು.

ಆಪರೇಟರ್ ಏಣಿಯ ಮೇಲೆಯೇ ಕೂತು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತೇವವಾಗಿತ್ತು ಎಂದು ಹೇಳಲು ಸಂಕೋಚವಿಲ್ಲ. ಮೇಡಂ ಮಾತ್ರ ಕುರ್ಚಿ ಎಳೆದುಕೊಂಡು ಕೂತು, ಬಾಗಿಲಲ್ಲಿ ನಿಂತಿದ್ದ ಆಪರೇಟರಿನ ಹೆಂಡತಿಯನ್ನು ನೋಡಿ, ಈ ಸಲ ಪದ ಹುಡುಕದೆ ಹೇಳಿದರು:

"ಅಳಿಯಂದ್ರಿಗೆ ನೀರಾತು. ಈಗ ನಮಗ ಚಾ ಕೊಡ್ರಿ."